ಟಾಂಜಾನಿಯಾ ಕಡಲೆಗೆ ಸುಂಕ ಯಾಕಿಲ್ಲ?

ಪ್ರಶ್ನೆ: ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಎರೆ ಹೊಲ. ಹಿಂಗಾರಿಗೆ ಕಡಲೆ ಬಿಟ್ಟರೆ ಬೇರೆ ಗತಿ ಇಲ್ಲ. ಹೊರದೇಶದ ಕಡಲೆಗೆ ಕೇಂದ್ರ ಸರ್ಕಾರ ಶೇ. 10 ಸುಂಕ ಹಾಕಿದೆ ಅಂತ ಓದಿದ್ದೆ. ಆದರೆ ಗದಗ ಎಪಿಎಂಸಿಯಲ್ಲಿ ಅಡತಿ ಅಂಗಡಿಯವರು, ‘ಟಾಂಜಾನಿಯಾ ಮಾಲಿಗೆ ಸುಂಕವೇ ಇಲ್ಲ, ಅದಕ್ಕೇ ರೇಟ್ ಏಳ್ತಿಲ್ಲ’ ಅಂದರು. ಒಂದು ದೇಶಕ್ಕೆ ಸುಂಕ, ಇನ್ನೊಂದಕ್ಕೆ ಇಲ್ಲ. ಇದು ಹೇಗೆ ಸಾಧ್ಯ? ಇದನ್ನು ನಿಲ್ಲಿಸೋಕೆ ಆಗಲ್ವಾ? ನಮ್ಮ ಮಾಲಿಗೂ ಬೇರೆ ದೇಶದವರು ಹೀಗೆ ಸುಂಕ ಬಿಡ್ತಾರಾ?

ಉತ್ತರ: ಅಡತಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಟಾಂಜಾನಿಯಾ ಕಡಲೆಗೆ ಸುಂಕ ಇಲ್ಲ. ಆದರೆ ಅದರಿಂದಲೇ ನಿಮ್ಮ ರೇಟ್ ಏಳ್ತಿಲ್ಲ ಅನ್ನೋ ಮಾತು ಲೆಕ್ಕಕ್ಕೆ ಕೂಡುವುದಿಲ್ಲ. ಈ ಎರಡನೇ ಮಾತು ನಮ್ಮ ಭಾಗದಲ್ಲಿ ಬಹಳ ಜನರ ಬಾಯಲ್ಲಿದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಸುಂಕ ಯಾಕಿಲ್ಲ ಅನ್ನೋದು. ವಿಶ್ವ ವ್ಯಾಪಾರ ಸಂಸ್ಥೆಯ ಮೂಲ ನಿಯಮದ ಪ್ರಕಾರ ಎಲ್ಲ ಸದಸ್ಯ ದೇಶಗಳ ಸರಕಿಗೂ ಒಂದೇ ದರದ ಸುಂಕ ಇರಬೇಕು. ಇದಕ್ಕೆ ಎರಡು ದೊಡ್ಡ ವಿನಾಯಿತಿಗಳಿವೆ. ಒಂದು, ಎರಡು ದೇಶಗಳು ಕೂತು ಮಾಡಿಕೊಳ್ಳುವ ಮುಕ್ತ ವ್ಯಾಪಾರ ಒಪ್ಪಂದ. ಅಲ್ಲಿ ಇಬ್ಬರೂ ಕೊಡಬೇಕು, ಇಬ್ಬರೂ ಪಡೆಯಬೇಕು. ಇನ್ನೊಂದು, ಬಡ ದೇಶಗಳ ಸರಕಿಗೆ ಉಳಿದವರು ತಾವಾಗಿಯೇ ಸುಂಕ ಇಳಿಸುವುದು. ಇದಕ್ಕೆ ಪ್ರತಿಯಾಗಿ ಏನೂ ಕೇಳುವಂತಿಲ್ಲ. ನೀವು ಕೇಳಿದ ಟಾಂಜಾನಿಯಾ ಕಡಲೆ ಬರುವುದು ಈ ಎರಡನೇ ದಾರಿಯಲ್ಲಿ.

ಈ ಎರಡನೇ ದಾರಿಗೆ ಹಾದಿ ಮಾಡಿದ ಮಾತು ಮೊದಲು ಬಂದದ್ದು 1964ರಲ್ಲಿ, ಜಿನೀವಾದಲ್ಲಿ ನಡೆದ ಅಂಕ್ಟಾಡ್ (ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ) ಸಭೆಯಲ್ಲಿ. ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ ಆ ಸಂಸ್ಥೆಯ ಮೊದಲ ಮುಖ್ಯಸ್ಥರು. ಬಡ ದೇಶಗಳು ಕಚ್ಚಾ ಮಾಲನ್ನಷ್ಟೇ ಮಾರುತ್ತಾ ಕೂತರೆ ಎಂದೂ ಮೇಲೆ ಬರುವುದಿಲ್ಲ, ಅವರ ತಯಾರಿ ಸರಕಿಗೆ ಶ್ರೀಮಂತ ದೇಶಗಳು ಬಾಗಿಲು ತೆರೆಯಬೇಕು ಅನ್ನೋದು ಅವರ ವಾದ. ಅದು ಗಟ್ಟಿ ನಿರ್ಣಯವಾಗಿದ್ದು 1968ರಲ್ಲಿ, ನಮ್ಮ ದಿಲ್ಲಿಯಲ್ಲೇ ನಡೆದ ಎರಡನೇ ಅಂಕ್ಟಾಡ್ ಸಭೆಯಲ್ಲಿ. 1971ರಿಂದ ಯುರೋಪ್, ಜಪಾನ್ ಶುರುಮಾಡಿದವು. ಅಮೆರಿಕ 1976ರಲ್ಲಿ ಸೇರಿಕೊಂಡಿತು. ಹೀಗೆ ಬಡ ದೇಶಗಳ ಸರಕಿಗೆ ಸುಂಕ ಇಳಿಸುವ ಪದ್ಧತಿಯನ್ನೇ ಜಿಎಸ್‌ಪಿ ಅನ್ನುತ್ತಾರೆ. 1979ರಲ್ಲಿ ಇದಕ್ಕೆ ಕಾಯಂ ಕಾನೂನಿನ ಆಸರೆಯೂ ಸಿಕ್ಕಿತು.

ಆಗ ನಾವು ಪಡೆಯುವ ಸಾಲಿನಲ್ಲಿ ನಿಂತಿದ್ದೆವು. 2008ರಲ್ಲಿ ಕೊಡುವ ಸಾಲಿಗೂ ಬಂದೆವು. ಆ ವರ್ಷ ಏಪ್ರಿಲ್‌ನಲ್ಲಿ ದಿಲ್ಲಿಯಲ್ಲಿ ಭಾರತ-ಆಫ್ರಿಕಾ ಶೃಂಗಸಭೆ ನಡೆಯಿತು. ಪ್ರಧಾನಿ ಮನಮೋಹನ್ ಸಿಂಗ್ ಅಲ್ಲಿ ಅತಿ ಹಿಂದುಳಿದ ದೇಶಗಳಿಗೆ ಸುಂಕ ವಿನಾಯಿತಿ ಘೋಷಿಸಿದರು. ಅದೇ ಆಗಸ್ಟ್‌ನಿಂದ ಜಾರಿಗೆ ಬಂತು. ಶುರುವಿನಲ್ಲಿ ಸುಮಾರು ಶೇ. 85ರಷ್ಟು ಬಾಬ್ತುಗಳಿಗೆ ಐದು ವರ್ಷಗಳಲ್ಲಿ ಹಂತಹಂತವಾಗಿ ಸುಂಕ ತೆಗೆಯುವ ಯೋಜನೆ ಅದು. 2014ರಲ್ಲಿ ಅದನ್ನು ಶೇ. 98ರವರೆಗೂ ಹಿಗ್ಗಿಸಿದರು. ಮದ್ಯ, ತಂಬಾಕಿನಂಥ ಕೆಲವನ್ನು ಮಾತ್ರ ಹೊರಗಿಟ್ಟರು. ಅತಿ ಹಿಂದುಳಿದ ದೇಶ ಯಾವುದು ಅನ್ನೋದನ್ನು ನಾವು ನಿರ್ಧರಿಸುವುದಿಲ್ಲ. ತಲಾ ಆದಾಯ, ಜನರ ಆರೋಗ್ಯ, ಓದು-ಬರಹ, ಆರ್ಥಿಕತೆ ಎಷ್ಟು ಬೇಗ ಅಲುಗಾಡುತ್ತದೆ ಅನ್ನೋದನ್ನೆಲ್ಲ ನೋಡಿ ವಿಶ್ವಸಂಸ್ಥೆ ಪಟ್ಟಿ ಮಾಡುತ್ತದೆ. ಟಾಂಜಾನಿಯಾ, ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್ ಆ ಪಟ್ಟಿಯಲ್ಲಿವೆ. ಆಸ್ಟ್ರೇಲಿಯಾ, ಕೆನಡಾ, ರಷ್ಯಾ ಇಲ್ಲ. ಹೀಗಾಗಿ ಒಂದೇ ಬಂದರಿನಲ್ಲಿ, ಒಂದೇ ದಿನ ಎರಡು ಹಡಗಿನಿಂದ ಕಡಲೆ ಇಳಿದರೂ ಒಂದಕ್ಕೆ ಶೇ. 10, ಇನ್ನೊಂದಕ್ಕೆ ಸೊನ್ನೆ.

ಈಗ ನಿಮ್ಮ ರೇಟಿನ ವಿಷಯಕ್ಕೆ ಬರೋಣ.

ಈ ವಿನಾಯಿತಿಗೆ ತನ್ನದೇ ಆದ ಬೆಲೆ ಇಲ್ಲ. ಉಳಿದವರಿಗೆ ಎಷ್ಟು ಸುಂಕ ಇದೆಯೋ ಅದರ ಮೇಲೆ ಇದರ ಬೆಲೆ ನಿಂತಿದೆ. ಕಡಲೆಯ ಸುಂಕ ನಡೆದು ಬಂದ ದಾರಿ ನೋಡಿ. 2017ರ ಡಿಸೆಂಬರ್‌ನಲ್ಲಿ ಶೇ. 30 ಹಾಕಿದರು. 2018ರ ಫೆಬ್ರವರಿಯಲ್ಲಿ 40, ಅಲ್ಲಿಂದ ಒಂದು ತಿಂಗಳು ತುಂಬುವುದರೊಳಗೆ 60 ಮಾಡಿದರು. 2021ರ ಬಜೆಟ್‌ನಲ್ಲಿ ಅದರ ಬಹುಪಾಲನ್ನು ಕೃಷಿ ಮೂಲಸೌಕರ್ಯ ಸೆಸ್ ಅಂತ ಹೆಸರು ಬದಲಿಸಿದರು, ಹೊರೆ ಮಾತ್ರ ಹಾಗೇ ಉಳಿಯಿತು. 2024ರ ಮೇ 4ರಂದು ಒಮ್ಮೆಲೇ ಸೊನ್ನೆ ಮಾಡಿದರು. 2025ರ ಏಪ್ರಿಲ್ 1ರಿಂದ ಮತ್ತೆ ಶೇ. 10.

ಲೆಕ್ಕಕ್ಕೆ ಅಂತ, ಮುಂಬೈ ಬಂದರಿಗೆ ಆಸ್ಟ್ರೇಲಿಯಾ ಕಡಲೆ ಕ್ವಿಂಟಲ್‌ಗೆ ₹5,000ಕ್ಕೆ ಬಂದು ಬಿತ್ತು ಅಂದುಕೊಳ್ಳಿ. ಶೇ. 60 ಇದ್ದಾಗ ಅದು ₹8,000 ಆಗುತ್ತಿತ್ತು. ಯಾರೂ ಮುಟ್ಟುತ್ತಿರಲಿಲ್ಲ. ಟಾಂಜಾನಿಯಾ ಕಡಲೆ ₹5,000ಕ್ಕೇ ಒಳಗೆ ಬರಬಹುದಿತ್ತು, ಅಂದರೆ ₹3,000 ಅನುಕೂಲ. ಆ ಆರು ವರ್ಷ ಹೊರಗಿನಿಂದ ನಮ್ಮಲ್ಲಿಗೆ ಬಂದ ‘ದೇಸಿ’ ಬಗೆಯ (ಸಣ್ಣ, ಕಂದು) ಕಡಲೆಯಲ್ಲಿ ಟಾಂಜಾನಿಯಾದ್ದೇ ದೊಡ್ಡ ಪಾಲು ಆಗಿದ್ದು ಇದಕ್ಕೇ. ಸುಂಕ ಎಲ್ಲರಿಗೂ ಸೊನ್ನೆ ಆದಾಗ ಟಾಂಜಾನಿಯಾದ ಅನುಕೂಲವೂ ಸೊನ್ನೆ. ಈಗ ಶೇ. 10 ಇರುವಾಗ ಅನುಕೂಲ ಕ್ವಿಂಟಲ್‌ಗೆ ₹500.

ಆ ₹500 ಯಾರ ಕಿಸೆಗೆ ಹೋಗುತ್ತದೆ? ಬಹಳ ಜನ ಇಲ್ಲಿ ತಪ್ಪು ತಿಳಿಯುತ್ತಾರೆ. ಸುಂಕ ಇಲ್ಲ ಅಂತ ಟಾಂಜಾನಿಯಾ ಕಡಲೆ ಮುಂಬೈಯಲ್ಲಿ ₹500 ಕಡಿಮೆಗೆ ಮಾರಾಟ ಆಗುವುದಿಲ್ಲ. ಸುಂಕ ಕಟ್ಟಿದ ಆಸ್ಟ್ರೇಲಿಯಾ ಕಡಲೆ ₹5,500ಕ್ಕೆ ಹೋಗುತ್ತಿದ್ದರೆ, ಆಮದುದಾರ ಇದನ್ನೂ ₹5,400, ₹5,450ಕ್ಕೇ ಮಾರುತ್ತಾನೆ. ಕಡಿಮೆಗೆ ಯಾಕೆ ಕೊಡಬೇಕು? ಉಳಿದದ್ದನ್ನು ಆಮದುದಾರ, ಅಲ್ಲಿನ ರಫ್ತುದಾರ ಹಂಚಿಕೊಳ್ಳುತ್ತಾರೆ. ಪೈಪೋಟಿ ಚೆನ್ನಾಗಿದ್ದರೆ ಅಲ್ಲಿನ ರೈತನಿಗೂ ಒಂದಿಷ್ಟು ಮುಟ್ಟುತ್ತದೆ. ಮಾರುಕಟ್ಟೆಯ ಬೆಲೆ ಕಟ್ಟುವುದು ಹೆಚ್ಚು ಮಾಲು ತರುವವರು. ಸ್ವಲ್ಪ ಮಾಲು ತರುವವರು ಆ ಬೆಲೆಗೆ ಹೊಂದಿಕೊಳ್ಳುತ್ತಾರೆ.

ಟಾಂಜಾನಿಯಾ ತರುವುದು ಸ್ವಲ್ಪ ಮಾಲೇ. ನಮ್ಮ ದೇಶದ ಕಡಲೆ ಬೆಳೆ ವರ್ಷಕ್ಕೆ 1 ಕೋಟಿ ಟನ್ನಿಗೂ ಜಾಸ್ತಿ. ಟಾಂಜಾನಿಯಾದಿಂದ ಬರುವುದು ಕೈಬೆರಳಲ್ಲಿ ಎಣಿಸುವಷ್ಟು ಲಕ್ಷ ಟನ್. ಹಂಗಾಮನ್ನೂ ನೋಡಿ. ನೀವು ಸೀಗಿ ಹುಣ್ಣಿಮೆ ಆಸುಪಾಸು ಬಿತ್ತುತ್ತೀರಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಕಡಲೆ ಇನ್ನೂ ಹಸಿರಾಗಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಕಿತ್ತು ರಾಶಿ ಮಾಡುತ್ತೀರಿ. ಫೆಬ್ರವರಿ, ಮಾರ್ಚ್‌ನಲ್ಲಿ ಚೀಲಗಳು ಮಾರುಕಟ್ಟೆಗೆ ಬರುತ್ತವೆ. ಟಾಂಜಾನಿಯಾದಲ್ಲಿ ಕೊಯ್ಲು ಜುಲೈನಿಂದ ಸೆಪ್ಟೆಂಬರ್. ಅವರ ಮಾಲು ನಮ್ಮ ಬಂದರಿಗೆ ಮುಟ್ಟುವ ಹೊತ್ತಿಗೆ ಇಲ್ಲಿ ಸಣ್ಣ ರೈತರ ಮನೆಯಲ್ಲಿ ಕಡಲೆ ಖಾಲಿ, ದಸರಾ-ದೀಪಾವಳಿಯ ಬೇಡಿಕೆ ಮಾತ್ರ ಜೋರು. ಆಸ್ಟ್ರೇಲಿಯಾದ್ದು ಹಾಗಲ್ಲ. ಅವರ ಕೊಯ್ಲು ಅಕ್ಟೋಬರ್‌ನಿಂದ ಡಿಸೆಂಬರ್. ಹಡಗು ಇಲ್ಲಿಗೆ ಬಂದು ಮುಟ್ಟುವುದು ಸರಿಯಾಗಿ ನಿಮ್ಮ ರಾಶಿಯ ಹೊತ್ತಿಗೆ.

2024ರ ಮೇ 4 ಅನ್ನೋ ದಿನಾಂಕಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕೇ. ಆಸ್ಟ್ರೇಲಿಯಾದ ರೈತರು ಬಿತ್ತನೆಗೆ ಕೈ ಹಾಕುವ ಹೊತ್ತದು. ಭಾರತ ಸುಂಕ ತೆಗೆಯಿತು ಅಂತ ಗೊತ್ತಾದ ಕೂಡಲೇ ಅವರು ಕಡಲೆಯ ಎಕರೆ ಜಾಸ್ತಿ ಮಾಡಿದರು. ದೊಡ್ಡ ಬೆಳೆ ಬಂತು, ಅದರ ದೊಡ್ಡ ಪಾಲು ಇಲ್ಲಿಗೆ ಬಂತು. ಇದಕ್ಕೂ ಬಡ ದೇಶಗಳ ವಿನಾಯಿತಿಗೂ ಸಂಬಂಧವೇ ಇಲ್ಲ. ಇನ್ನೊಂದು ವಿಷಯ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದದಲ್ಲಿ ನಮ್ಮವರು ಕಡಲೆಯನ್ನು ಹಟ ಹಿಡಿದು ಹೊರಗಿಟ್ಟಿದ್ದರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ರಕ್ಷಣೆ ಒಂದೇ ಅಧಿಸೂಚನೆಯಲ್ಲಿ ಹೋಯಿತು. ಬೇಳೆಯ ಬೆಲೆ ಏರಿದಾಗ ಪೇಟೆಯ ಜನರಿಗೂ ತೊಂದರೆ ಆಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುಂಕವನ್ನು 60ರಿಂದ ನೇರ ಸೊನ್ನೆಗೆ ತರುವುದು ರೈತರ ಕಾಲಡಿಯ ನೆಲ ಎಳೆದ ಹಾಗೆ.

ಇದಕ್ಕಿಂತ ದೊಡ್ಡ ಪೆಟ್ಟು ಹಳದಿ ಬಟಾಣಿಯದು. ಇದನ್ನು ನಮ್ಮ ಮಾರುಕಟ್ಟೆಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಕಡಲೆ ಹಿಟ್ಟಿಗೆ ಹಳದಿ ಬಟಾಣಿ ಹಿಟ್ಟು ಸೇರಿಸಿದರೆ ಮಿರ್ಚಿ ಭಜಿ ತಿನ್ನುವವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಬಟಾಣಿ ಅಗ್ಗ ಆದಷ್ಟೂ ಹಿಟ್ಟಿನ ಗಿರಣಿಗಳು ಕಡಲೆ ಕೊಳ್ಳುವುದು ಕಡಿಮೆ ಆಗುತ್ತದೆ. 2017ರ ನವೆಂಬರ್‌ನಿಂದ ಅದರ ಮೇಲೆ ಶೇ. 50 ಸುಂಕ ಇತ್ತು. 2023ರ ಡಿಸೆಂಬರ್‌ನಲ್ಲಿ ಅದನ್ನು ಪೂರ್ತಿ ತೆಗೆದರು. ‘ಇನ್ನು ಕೆಲವು ತಿಂಗಳು’ ಅಂತ ಮತ್ತೆ ಮತ್ತೆ ಮುಂದೂಡುತ್ತಾ ಹೋದರು. 2024–25ರಲ್ಲಿ ದೇಶದ ಒಟ್ಟು ಬೇಳೆಕಾಳು ಆಮದು 70 ಲಕ್ಷ ಟನ್ ದಾಟಿತು. ಅದರಲ್ಲಿ ಹಳದಿ ಬಟಾಣಿಯೊಂದೇ ಸುಮಾರು 20 ಲಕ್ಷ ಟನ್. ಬಂದದ್ದು ಮುಖ್ಯವಾಗಿ ಕೆನಡಾ, ರಷ್ಯಾದಿಂದ. ಇವೇನು ಬಡ ದೇಶಗಳಲ್ಲ. ಕೊನೆಗೆ 2025ರ ನವೆಂಬರ್ 1ರಿಂದ ಶೇ. 30 ಸುಂಕ ಹಾಕಿದರು. ಅಷ್ಟರೊಳಗೆ ಗೋದಾಮುಗಳು ತುಂಬಿದ್ದವು.

ಹಾಗಾದರೆ ಟಾಂಜಾನಿಯಾ ವಿನಾಯಿತಿಯನ್ನು ನಿಲ್ಲಿಸಬಹುದಾ? ಕಾನೂನಿನಲ್ಲಿ ಸುಲಭ. ಇದು ಒಪ್ಪಂದ ಅಲ್ಲ, ನಾವಾಗಿಯೇ ಕೊಟ್ಟದ್ದು. ಕಡಲೆಯನ್ನು ಹೊರಗಿಡುವ ಪಟ್ಟಿಗೆ ಸೇರಿಸಿ ಹಣಕಾಸು ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿದರೆ ಮುಗಿಯಿತು. ಟಾಂಜಾನಿಯಾ ಒಂದನ್ನೇ ಬಿಟ್ಟು ಉಳಿದ ಬಡ ದೇಶಗಳಿಗೆ ಕೊಡುವುದು ಮಾತ್ರ ಕಷ್ಟ. ಒಂದೇ ಥರದ ಸ್ಥಿತಿಯಲ್ಲಿರುವ ದೇಶಗಳಲ್ಲಿ ಭೇದ ಮಾಡಬಾರದು ಅನ್ನೋ ತೀರ್ಪನ್ನು 2004ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಂದುಕೊಂಡವರು ನಾವೇ. ಮಾದಕ ವಸ್ತುಗಳ ವಿರುದ್ಧ ಹೋರಾಡುತ್ತಿವೆ ಅನ್ನೋ ಕಾರಣಕ್ಕೆ ಪಾಕಿಸ್ತಾನವೂ ಸೇರಿ 12 ದೇಶಗಳಿಗೆ ಯುರೋಪ್ ಪೂರ್ತಿ ಸುಂಕ ಬಿಟ್ಟಿತ್ತು. ನಮ್ಮ ಬಟ್ಟೆ ರಫ್ತಿಗೆ ಪೆಟ್ಟು ಬೀಳುತ್ತದೆ ಅಂತ ಭಾರತ ದೂರು ಕೊಟ್ಟು ಗೆದ್ದಿತು.

ನಿಲ್ಲಿಸಬಹುದು, ಆದರೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಟಾಂಜಾನಿಯಾದ ಕಡಲೆ ಬೆಳೆಯುವುದು ಶಿನ್ಯಾಂಗ, ಮ್ವಾಂಜಾ ಕಡೆ. ಅದೂ ಕಪ್ಪು ಎರೆ ಮಣ್ಣೇ. ಮಳೆ ಮುಗಿದ ಮೇಲೆ ನೆಲದಲ್ಲಿ ಉಳಿದ ಹಸಿಯ ಮೇಲೆ ಬೆಳೆ ತೆಗೆಯುತ್ತಾರೆ, ನವಲಗುಂದ, ರೋಣದ ರೈತರ ಹಾಗೆಯೇ. ನೀರಾವರಿ ಇಲ್ಲ, ಹಿಡುವಳಿ ಸಣ್ಣದು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಅಲ್ಲಿಯೂ ಕಡಲೆ ತಳಿಗಳ ಮೇಲೆ ಕೆಲಸ ಮಾಡಿದೆ. ಅಣ್ಣಿಗೇರಿ-1 ತಳಿ ಬೆಳೆದ ಊರಿನವರಾದ ನಿಮಗೆ ಆ ರೈತರ ಕಷ್ಟ ಬೇರೆಯವರಿಗಿಂತ ಬೇಗ ಅರ್ಥ ಆಗುತ್ತದೆ. ಅವರ ಬಾಗಿಲು ಮುಚ್ಚಿಸಿ ನಿಮಗೆ ಸಿಗುವುದು ತೀರಾ ಕಡಿಮೆ. ಆಗ ಅಡತಿಯವರು ಬೇರೆ ಯಾರದ್ದಾದರೂ ಹೆಸರು ಹೇಳುತ್ತಾರೆ, ಅಷ್ಟೇ.

ಒಂದು ಕಡೆ ಮಾತ್ರ ಕಣ್ಣಿಡಲೇಬೇಕು. ಅದು ಮಾಲಿನ ಮೂಲ. ವಿನಾಯಿತಿ ಸಿಗಬೇಕಾದರೆ ಕಡಲೆ ಅದೇ ದೇಶದ ನೆಲದಲ್ಲಿ ಬೆಳೆದಿರಬೇಕು. ಅಲ್ಲಿನ ಸರ್ಕಾರ ಗೊತ್ತುಮಾಡಿದ ಸಂಸ್ಥೆಯಿಂದ ಮೂಲ ಪ್ರಮಾಣಪತ್ರ ಬೇಕು. ಸರಕು ನೇರವಾಗಿ ಇಲ್ಲಿಗೆ ಬರಬೇಕು. ನಡುವೆ ಬೇರೆ ಬಂದರಿನಲ್ಲಿ ಹಡಗು ಬದಲಿಸಿದರೂ ಅಲ್ಲಿನ ಮಾರುಕಟ್ಟೆಗೆ ಇಳಿದಿರಬಾರದು. ಸುಂಕದ ಅಂತರ ದೊಡ್ಡದಾದಷ್ಟೂ ಬೇರೆ ದೇಶದ ಮಾಲಿಗೆ ಈ ದೇಶದ ಕಾಗದ ಅಂಟಿಸುವ ಆಸೆಯೂ ದೊಡ್ಡದಾಗುತ್ತದೆ. ಮೊದಲೆಲ್ಲ ಪ್ರಮಾಣಪತ್ರ ಕೊಟ್ಟರೆ ಬಹುತೇಕ ಮುಗಿದೇ ಹೋಗುತ್ತಿತ್ತು. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಅನ್ನೋ ಕಲಂ ಸೇರಿಸಿದರು. ಆ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಗೆ ಬಂತು. ಈಗ ಸರಕು ಎಲ್ಲಿ, ಹೇಗೆ ಬಂತು ಅನ್ನೋ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡಿರಬೇಕು, ಐದು ವರ್ಷ ಕಾಪಾಡಬೇಕು, ಅಧಿಕಾರಿ ಕೇಳಿದಾಗ ತೋರಿಸಬೇಕು. ಅನುಮಾನ ಬಂದರೆ ಆ ದೇಶಕ್ಕೆ ಬರೆದು ವಿಚಾರಿಸಬಹುದು. ಒಂದು ದೇಶದಿಂದ ಬಂದ ಮಾಲು ಆ ದೇಶದ ಬೆಳೆಗಿಂತ ಜಾಸ್ತಿ ಕಂಡರೆ ರೈತ ಸಂಘಟನೆಗಳು ಪ್ರಶ್ನೆ ಎತ್ತಬೇಕಾದ್ದು ಅಲ್ಲಿ.

ನಿಮ್ಮಲ್ಲಿ ಮುಂಗಾರಿಗೆ ಹೆಸರು ಬೆಳೆಯುವವರಿಗೂ ಒಂದು ಮಾತು. ಸೊನ್ನೆ ಸುಂಕ ಅಂದ ಕೂಡಲೇ ಬಾಗಿಲು ಪೂರ್ತಿ ತೆರೆದಿದೆ ಅಂತಲ್ಲ. 2022ರ ಫೆಬ್ರವರಿಯಲ್ಲಿ ಹೆಸರುಕಾಳು ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿದರು. ಆ ಪಟ್ಟಿಯಲ್ಲಿರುವ ಮಾಲು ತರಲು ಪರವಾನಗಿ ಬೇಕು. ಸುಂಕ ಇಲ್ಲದ ದೇಶದವರಿಗೂ ಇದೇ ನಿಯಮ. ತೊಗರಿಯ ಕಥೆ ಬೇರೆ. ಅದಕ್ಕೆ ಮೊಜಾಂಬಿಕ್ ಜೊತೆ 2016ರಲ್ಲಿ ಸರ್ಕಾರದ ಮಟ್ಟದ ಒಡಂಬಡಿಕೆಯೇ ಆಗಿತ್ತು, ವರ್ಷಕ್ಕೆ 2 ಲಕ್ಷ ಟನ್‌ವರೆಗೆ.

ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಮಾಲಿಗೂ ಹೀಗೆ ಸಿಗುತ್ತದಾ ಅಂತ. ಸಿಗುತ್ತಿತ್ತು, ಈಗ ಬಹಳ ಕಡಿಮೆ ಆಗಿದೆ. ಅಮೆರಿಕದ ಜಿಎಸ್‌ಪಿಯನ್ನು ಹೆಚ್ಚು ಬಳಸಿಕೊಳ್ಳುತ್ತಿದ್ದ ದೇಶಗಳಲ್ಲಿ ನಮ್ಮದು ಮುಂಚೂಣಿಯಲ್ಲಿತ್ತು. 2017ರಲ್ಲಿ ಸುಮಾರು 560 ಕೋಟಿ ಡಾಲರ್ ಸರಕು ಆ ದಾರಿಯಲ್ಲಿ ಹೋಯಿತು. ಅವರ ಹಾಲಿನ ಉದ್ಯಮದವರಿಗೆ ನಮ್ಮ ಷರತ್ತು ಒಪ್ಪಿಗೆ ಆಗಲಿಲ್ಲ. ಹಸುವಿಗೆ ಪ್ರಾಣಿಮೂಲದ ಆಹಾರ ತಿನ್ನಿಸಿಲ್ಲ ಅಂತ ಪ್ರಮಾಣಪತ್ರ ಬೇಕು ಅಂತ ನಾವು ಕೇಳುತ್ತೇವೆ. ವೈದ್ಯಕೀಯ ಉಪಕರಣದವರಿಗೆ ಹೃದಯದ ಸ್ಟೆಂಟ್ ಬೆಲೆಗೆ ನಾವು ಮಿತಿ ಹಾಕಿದ್ದು ಹಿಡಿಸಲಿಲ್ಲ. ಇಬ್ಬರೂ ದೂರು ಕೊಟ್ಟರು. 2019ರ ಜೂನ್ 5ರಿಂದ ಭಾರತವನ್ನು ಪಟ್ಟಿಯಿಂದ ತೆಗೆದರು. ಆಮೇಲೆ 2020ರ ಡಿಸೆಂಬರ್ 31ಕ್ಕೆ ಆ ಕಾರ್ಯಕ್ರಮದ ಅವಧಿಯೇ ಮುಗಿಯಿತು. 2025ರ ಆಗಸ್ಟ್ 27ರಿಂದ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ. 50 ಹೆಚ್ಚುವರಿ ಸುಂಕ ಬಿತ್ತು. ಅಮೆರಿಕದ ದರಗಳು ಆಗಾಗ ಬದಲಾಗುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳವರು ಅಲ್ಲಿನ ಆರ್ಡರ್ ಒಪ್ಪುವ ಮುಂಚೆ ಆ ದಿನದ ದರ ನೋಡಲೇಬೇಕು. ಯುರೋಪ್‌ನಲ್ಲಿ ಇನ್ನೊಂದು ರೀತಿ. ಒಂದು ದೇಶದ ಒಂದು ಬಗೆಯ ಸರಕು ಅವರ ಮಾರುಕಟ್ಟೆಯಲ್ಲಿ ನಿಗದಿತ ಮಟ್ಟ ದಾಟಿದರೆ, ಇನ್ನು ನಿಮಗೆ ಆಸರೆ ಬೇಡ ಅಂತ ಅದಕ್ಕೆ ವಿನಾಯಿತಿ ನಿಲ್ಲಿಸುತ್ತಾರೆ. ನಮ್ಮ ಜವಳಿ, ಕಬ್ಬಿಣ, ಯಂತ್ರೋಪಕರಣದಂಥ ಹಲವು ಸರಕುಗಳಿಗೆ ಹೀಗೆ ಆಗಿದೆ.

ಬ್ಯಾಡಗಿ ಮೆಣಸಿನಕಾಯಿಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಒಣ ಮೆಣಸಿನಕಾಯಿಗೆ ಅಮೆರಿಕದ ಮಾಮೂಲಿ ಸುಂಕವೇ ಕಿಲೋಗೆ ಕೆಲವೇ ಸೆಂಟು. ಜಿಎಸ್‌ಪಿ ಇದ್ದರೂ, ಹೋದರೂ ಅವರಿಗೆ ದೊಡ್ಡ ವ್ಯತ್ಯಾಸ ಇಲ್ಲ. ಅವರ ಮಾಲು ತಿರುಗಿ ಬರುವುದು ಸುಂಕದಿಂದಲ್ಲ, ಲ್ಯಾಬ್ ರಿಪೋರ್ಟ್‌ನಿಂದ. ಅಫ್ಲಾಟಾಕ್ಸಿನ್ ಅಂದರೆ ಬೂಸ್ಟಿನಿಂದ ಹುಟ್ಟುವ ವಿಷ. ಯುರೋಪ್‌ಗೆ ಹೋಗುವ ಮೆಣಸಿನಕಾಯಲ್ಲಿ ಕಿಲೋಗೆ ಅಫ್ಲಾಟಾಕ್ಸಿನ್ ಬಿ1 5 ಮೈಕ್ರೊಗ್ರಾಂ, ಎಲ್ಲ ಅಫ್ಲಾಟಾಕ್ಸಿನ್ ಸೇರಿ 10 ಮೈಕ್ರೊಗ್ರಾಂ ದಾಟುವಂತಿಲ್ಲ. ಕಣದಲ್ಲಿ ಸರಿಯಾಗಿ ಒಣಗದ, ತೂಕಕ್ಕೆ ನೀರು ಹೊಡೆದ ಕಾಯಿಗೆ ಬೂಸ್ಟು ಹಿಡಿದರೆ ಯಾವ ಸುಂಕ ವಿನಾಯಿತಿಯೂ ಉಳಿಸುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಏನು? ಕಡಲೆಯ ಬೆಂಬಲ ಬೆಲೆ 2025–26ರ ಮಾರಾಟ ಹಂಗಾಮಿಗೆ ಕ್ವಿಂಟಲ್‌ಗೆ ₹5,650 ಇತ್ತು. 2026–27ಕ್ಕೆ ₹5,875. ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿದೆಯಾ, ಬೆಳೆ ಸಮೀಕ್ಷೆಯಲ್ಲಿ ಕಡಲೆ ಅಂತಲೇ ದಾಖಲಾಗಿದೆಯಾ ಅಂತ ಡಿಸೆಂಬರ್‌ನಲ್ಲೇ ನೋಡಿಕೊಳ್ಳಿ. ಖರೀದಿ ಕೇಂದ್ರ ತೆರೆದ ಮೇಲೆ ತಿದ್ದುಪಡಿಗೆ ಓಡಾಡಿದರೆ ಅಷ್ಟರಲ್ಲಿ ನೋಂದಣಿ ಮುಗಿದಿರುತ್ತದೆ.

ಇನ್ನು ನಿಮ್ಮ ರೈತ ಸಂಘದವರು ಮನವಿ ಬರೆಯುವುದಿದ್ದರೆ ಅದರಲ್ಲಿ ಟಾಂಜಾನಿಯಾ ಹೆಸರು ಬೇಡ. ಬಂದರಿಗೆ ಬಂದು ಬೀಳುವ ಬೆಲೆ ಸುಂಕ ಸೇರಿ ಬೆಂಬಲ ಬೆಲೆಗಿಂತ ಕೆಳಗೆ ಇಳಿಯದ ಹಾಗೆ ಸಾಮಾನ್ಯ ಸುಂಕ ಇರಲಿ ಅಂತ ಕೇಳಿ. ಹಳದಿ ಬಟಾಣಿಗೂ ಅದೇ ಅಳತೆ ಇರಲಿ ಅಂತ ಕೇಳಿ. ದರ ಬದಲಿಸುವುದಿದ್ದರೆ ನಾವು ಬಿತ್ತುವ ಮೊದಲೇ, ಸೆಪ್ಟೆಂಬರ್ ಒಳಗೆ ಹೇಳಲಿ, ರಾಶಿ ಮುಗಿಯುವವರೆಗೆ ಮುಟ್ಟದಿರಲಿ ಅಂತ ಕೇಳಿ. ಖರೀದಿ ಕೇಂದ್ರಗಳು ಫೆಬ್ರವರಿ ಮೊದಲ ವಾರವೇ ತೆರೆಯಲಿ ಅನ್ನೋದನ್ನೂ ಸೇರಿಸಿ. ಸುಂಕದ ವಿಷಯಗಳಿಗೆ ಮನವಿ ದಿಲ್ಲಿಗೆ ಹೋಗಬೇಕು, ಖರೀದಿ ಕೇಂದ್ರದ್ದು ಜಿಲ್ಲಾಧಿಕಾರಿಗೆ. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ, ಒಂದರಲ್ಲೇ ತುರುಕಿದರೆ ಎರಡೂ ಕಡೆ ಕಡತದಲ್ಲೇ ಉಳಿಯುತ್ತದೆ.